ಪದಗಳು ಬಾಯಲ್ಲೇ ಉಂಟು, ವಾಕ್ಯ ಕಟ್ಟುವುದು ಹೇಗೆ?

ಬಿ.ಸಿ.ರೋಡಿನ ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತು ಕಿವಿಗೊಡಿ. ಬಸ್ ಲೇಟ್, ಸೀಟ್ ಫುಲ್, ಚೇಂಜ್ ಕೊಡಿ, ಪಾಸ್ ತೋರಿಸಿ, ಮೊಬೈಲ್ ಸ್ವಿಚ್ ಆಫ್, ಚಾರ್ಜ್ ಇಲ್ಲ, ಅರ್ಜೆಂಟ್ ಉಂಟು, ರೈಟ್ ರೈಟ್. ಊರಿನ ಹೆಸರೇ ಬಂಟ್ವಾಳ ಕ್ರಾಸ್ ರೋಡ್. ಮನೆಯಲ್ಲಿ ತುಳು ಮಾತಾಡುವವರು, ಬ್ಯಾರಿ ಮಾತಾಡುವವರು, ಕೊಂಕಣಿಯವರು, ಹವ್ಯಕರು, ಎಲ್ಲರ ಬಾಯಲ್ಲೂ ಈ ಪದಗಳು ಸಲೀಸಾಗಿ ಬರುತ್ತವೆ. ಇವನ್ನು ಯಾರೂ ಕ್ಲಾಸಿಗೆ ಹೋಗಿ ಕಲಿತದ್ದಲ್ಲ. ಆದರೆ ದೂರದ ಊರಿನ ಯಾತ್ರಿಕರೊಬ್ಬರು ಎದುರು ನಿಂತು "ಡಸ್ ದಿಸ್ ಬಸ್ ಗೋ ಟು ಧರ್ಮಸ್ಥಳ?" ಎಂದು ಕೇಳಿದರೆ ಅದೇ ಬಾಯಿ ಕಟ್ಟಿಹೋಗುತ್ತದೆ. ತಲೆ ಅಲ್ಲಾಡಿಸಿ, ಕೈ ತೋರಿಸಿ ಮುಗಿಸುತ್ತೇವೆ. "ಯೆಸ್, ಇಟ್ ಡಸ್" ಎಂಬ ಮೂರೇ ಪದ ಹೊರಗೆ ಬರುವುದಿಲ್ಲ.

ಪದಗಳ ದಾಸ್ತಾನು ನಮ್ಮಲ್ಲಿ ಧಾರಾಳವಾಗಿದೆ. ಅವನ್ನು ಯಾವ ಕ್ರಮದಲ್ಲಿ ನಿಲ್ಲಿಸಬೇಕು ಎಂಬುದಷ್ಟೇ ಗೊತ್ತಾಗಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರಿಗೆ ಇದು ದಿನನಿತ್ಯದ ಅಗತ್ಯ. ಗಲ್ಫ್ ಕೆಲಸದ ಇಂಟರ್‌ವ್ಯೂಗೆ ಹೊರಟವರು, ಕನ್ನಡ ಮಾಧ್ಯಮದಲ್ಲಿ ಓದಿ ಉಜಿರೆಯಲ್ಲೋ ಮೂಡುಬಿದಿರೆಯಲ್ಲೋ ಕಾಲೇಜು ಸೇರಿದವರು, ಹೊರರಾಜ್ಯದ ವಿದ್ಯಾರ್ಥಿಗಳಿಗೆ ರೂಮು ಬಾಡಿಗೆಗೆ ಕೊಟ್ಟವರು, ಬಸದಿಯ ಹತ್ತಿರ ರಿಕ್ಷಾ ಓಡಿಸುವವರು, ಇವರಿಗೆಲ್ಲ ಬೇಕಾದದ್ದು ಪರೀಕ್ಷೆಯ ಇಂಗ್ಲಿಷ್ ಅಲ್ಲ. ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಶುರುವಾದದ್ದು 2007-08ರಲ್ಲಿ. ಅದಕ್ಕೂ ಮೊದಲು ಓದಿದವರು ಐದನೇ ತರಗತಿಯಲ್ಲಿ ಎಬಿಸಿಡಿ ಬರೆದವರು. ಮುಖ್ಯವಾಗಿ ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಮೊದಲು ಗಟ್ಟಿಯಾಗಿ ಓದಿ, ನಾಲಗೆಗೆ ರೂಢಿಯಾಗಲಿ. ಆಮೇಲೆ ನೋಟ್ ಪುಸ್ತಕದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಿ.

ಹಿಂದಿನಿಂದ ಮುಂದಕ್ಕೆ

ಈ ವಾಕ್ಯ ನೋಡಿ: "ನಾನು ನಾಳೆ ಬೆಳಿಗ್ಗೆ ಬಸ್ಸಿನಲ್ಲಿ ಬಿ.ಸಿ.ರೋಡಿಗೆ ಹೋಗುತ್ತೇನೆ." ತುಳುವಿನಲ್ಲೂ ಇದೇ ಸಾಲು: "ಯಾನ್ ಎಲ್ಲೆ ಕಾಂಡೆ ಬಸ್ಸ್‌ಡ್ ಬಿ.ಸಿ.ರೋಡ್‌ಗ್ ಪೋಪೆ." ಮಾಡುವವರು ಮೊದಲು, ಮಾಡುವ ಕೆಲಸ ಕೊನೆಗೆ, ಉಳಿದದ್ದೆಲ್ಲ ನಡುವೆ. ನಮ್ಮ ಕಡೆಯ ಭಾಷೆಗಳಲ್ಲೆಲ್ಲ ಸಾಮಾನ್ಯವಾಗಿ ಹೀಗೆಯೇ.

ಇಂಗ್ಲಿಷಿನಲ್ಲಿ: "ಐ ವಿಲ್ ಗೋ ಟು ಬಿ.ಸಿ.ರೋಡ್ ಬೈ ಬಸ್ ಟುಮಾರೋ ಮಾರ್ನಿಂಗ್."

ಎರಡನ್ನೂ ಒಂದರ ಕೆಳಗೊಂದು ಬರೆದು ನೋಡಿ. "ನಾನು" ಇದ್ದಲ್ಲೇ ಇದೆ. ಉಳಿದದ್ದನ್ನು ಕೊನೆಯಿಂದ ಓದುತ್ತಾ ಬನ್ನಿ: ಹೋಗುತ್ತೇನೆ, ಬಿ.ಸಿ.ರೋಡಿಗೆ, ಬಸ್ಸಿನಲ್ಲಿ, ನಾಳೆ ಬೆಳಿಗ್ಗೆ. ಅದೇ ಇಂಗ್ಲಿಷ್ ಕ್ರಮ. ಪದದ ಒಳಗೂ ಹಾಗೆಯೇ. ನಾವು "ಬಿ.ಸಿ.ರೋಡ್" ಎಂದು ಹೇಳಿ ಬೆನ್ನಿಗೆ "ಗೆ" ಅಂಟಿಸುತ್ತೇವೆ, ಅವರು ಮುಂದೆ "ಟು" ಇಟ್ಟು ಆಮೇಲೆ ಊರಿನ ಹೆಸರು ಹೇಳುತ್ತಾರೆ. ನಮ್ಮ ವಿಭಕ್ತಿ ಪ್ರತ್ಯಯ ಹಿಂದೆ, ಅವರ ಪ್ರಿಪೊಸಿಷನ್ ಮುಂದೆ.

ಇನ್ನೊಂದು: "ನನ್ನ ತಮ್ಮ ವಿಟ್ಲದ ಅಂಗಡಿಯಲ್ಲಿ ಬಟ್ಟೆ ಮಾರುತ್ತಾನೆ." ತಮ್ಮನನ್ನು ಇದ್ದಲ್ಲೇ ಬಿಟ್ಟು ಕೊನೆಯಿಂದ ಬನ್ನಿ: ಮಾರುತ್ತಾನೆ, ಬಟ್ಟೆ, ಅಂಗಡಿಯಲ್ಲಿ, ವಿಟ್ಲದ. "ಮೈ ಬ್ರದರ್ ಸೆಲ್ಸ್ ಕ್ಲಾತ್ಸ್ ಇನ್ ಎ ಶಾಪ್ ಇನ್ ವಿಟ್ಲ." ಸಣ್ಣ ವಾಕ್ಯಗಳಲ್ಲಿ ಈ ಉಪಾಯ ಕೈಕೊಡುವುದು ಅಪರೂಪ. ಒಂದು ಎಚ್ಚರಿಕೆ ಮಾತ್ರ ಬೇಕು: "ದೊಡ್ಡ ಮನೆ", "ಹಳೆ ಸ್ಕೂಟರ್" ಇಂಥ ಜೋಡಿಗಳನ್ನು ತಿರುಗಿಸಬಾರದು. ಅಲ್ಲಿ ಎರಡೂ ಭಾಷೆಯದ್ದು ಒಂದೇ ದಾರಿ: ಬಿಗ್ ಹೌಸ್, ಓಲ್ಡ್ ಸ್ಕೂಟರ್.

ಶಾಲೆಯಲ್ಲಿ ಇದನ್ನೇ "ಸಬ್ಜೆಕ್ಟ್, ವರ್ಬ್, ಆಬ್ಜೆಕ್ಟ್" ಎಂದು ಬೋರ್ಡಿನ ಮೇಲೆ ಬರೆದದ್ದು ಹೆಚ್ಚಿನವರಿಗೆ ನೆನಪಿರಬಹುದು. ನಮ್ಮ ಮಾತಿನ ಪಕ್ಕದಲ್ಲಿಟ್ಟು ತೋರಿಸಿದ್ದರೆ ಅದು ಬೇಗ ತಲೆಗೆ ಹೋಗುತ್ತಿತ್ತು ಎಂಬುದು ನನ್ನ ಬಲವಾದ ನಂಬಿಕೆ. ಇಂಗ್ಲಿಷ್ ಕಲಿಯಬೇಕಾದರೆ ಮನೆಮಾತನ್ನು ಮರೆಯಬೇಕು ಎನ್ನುವವರಿದ್ದಾರೆ, ಅದು ತಪ್ಪು. ಬಾಸೆಲ್ ಮಿಷನ್ನಿನ ಬ್ರಿಗೆಲ್ ಅವರು 1872ರಲ್ಲಿ ಮಂಗಳೂರಿನಲ್ಲಿ ತುಳು ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಅಚ್ಚು ಮಾಡಿಸಿದರು, ಮೆನ್ನರ್ ಅವರ ತುಳು-ಇಂಗ್ಲಿಷ್ ನಿಘಂಟು 1886ರಲ್ಲಿ ಬಂತು. ಹೊರಗಿನವರು ನಮ್ಮ ಭಾಷೆಗೆ ಬಂದದ್ದು ತಾವು ಬಲ್ಲ ಭಾಷೆಯ ಮೂಲಕವೇ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ, ಸುತ್ತಲಿನದು ತುಳು, ಬರೆದದ್ದು ಕನ್ನಡ, ಕಾಲೇಜಿನಲ್ಲಿ ಕಲಿತದ್ದು ಇಂಗ್ಲಿಷ್. ನಾಲ್ಕು ಭಾಷೆಯ ನಡುವೆ ಬದುಕುವುದು ಈ ಮಣ್ಣಿನವರಿಗೆ ಹೊಸದೇನೂ ಅಲ್ಲ.

ಒಂದು 'ಉಂಟು', ಅಲ್ಲಿ ನಾಲ್ಕು ದಾರಿ

ಇಂಗ್ಲಿಷ್ ಮಾತಾಡುವಾಗ ನಮ್ಮ ಕಡೆಯವರು ಹೆಚ್ಚು ತಡವರಿಸುವುದು ಎಲ್ಲಿ ಎಂದು ಕೇಳಿದರೆ, "ಉಂಟು" ಎಂಬಲ್ಲಿ ಎನ್ನುತ್ತೇನೆ. ತುಳುವಿನ "ಉಂಡು" ಕೂಡ ಹಾಗೆಯೇ. ಒಂದೇ ಪದ ಎಲ್ಲ ಕೆಲಸ ಮಾಡಿಬಿಡುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸ ಹಂಚಿಹೋಗಿದೆ.

"ಮೇಜಿನ ಮೇಲೆ ಬೀಗದ ಕೈ ಉಂಟು." ಒಂದು ವಸ್ತು ಒಂದು ಕಡೆ ಇದೆ ಎಂಬ ಸುದ್ದಿ. "ದೇರ್ ಈಸ್ ಎ ಕೀ ಆನ್ ದ ಟೇಬಲ್." ರೂಮಿನ ಹುಡುಗರಿಗೆ "ಇವತ್ತು ನೀರಿಲ್ಲ" ಎಂದು ಹೇಳಬೇಕಾದರೂ ಇದೇ: "ದೇರ್ ಈಸ್ ನೋ ವಾಟರ್ ಟುಡೇ." ವಸ್ತು ಒಂದಕ್ಕಿಂತ ಹೆಚ್ಚಿದ್ದರೆ "ದೇರ್ ಆರ್".

"ನನಗೆ ಇಬ್ಬರು ಅಕ್ಕಂದಿರು ಇದ್ದಾರೆ", "ನನ್ನಲ್ಲಿ ಎರಡು ಸಿಮ್ ಉಂಟು", "ನನಗೆ ಜ್ವರ ಉಂಟು." ಇವು ಒಬ್ಬರಿಗೆ ಸೇರಿದ ಮಾತು. "ಐ ಹ್ಯಾವ್ ಟೂ ಸಿಸ್ಟರ್ಸ್. ಐ ಹ್ಯಾವ್ ಟೂ ಸಿಮ್ಸ್. ಐ ಹ್ಯಾವ್ ಎ ಫೀವರ್." ಇಲ್ಲಿ "ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್" ಎನ್ನುವ ರೂಢಿ ಬಹಳ ಇದೆ, ಅದನ್ನು ಬಿಡಿ. ಊಟ ಮಾಡುತ್ತಾ ಇರುವಾಗ ಮಾತ್ರ "ಐ ಆಮ್ ಹ್ಯಾವಿಂಗ್ ಲಂಚ್."

"ಊಟ ಚೆನ್ನಾಗಿ ಉಂಟು" ಎಂದರೆ ಹೇಗಿದೆ ಎಂಬುದಕ್ಕೆ ಉತ್ತರ: "ದ ಫುಡ್ ಈಸ್ ಗುಡ್." "ಮಳೆ ಬರ್ತಾ ಉಂಟು" ಎಂದರೆ ನಡೆಯುತ್ತಾ ಇರುವ ಕ್ರಿಯೆ: "ಇಟ್ ಈಸ್ ರೇನಿಂಗ್." ಆ "ಇಟ್" ಯಾರು ಎಂದು ಹುಡುಕಬೇಡಿ. ಇಂಗ್ಲಿಷ್ ವಾಕ್ಯದಲ್ಲಿ ಮೊದಲ ಜಾಗ ಖಾಲಿ ಇರಬಾರದು, ಅಷ್ಟೇ. ಅದೇ ಕಾರಣಕ್ಕೆ "ಲೇಟಾಯ್ತು" ಎಂಬುದು "ಇಟ್ ಈಸ್ ಲೇಟ್" ಆಗುತ್ತದೆ, "ಸೆಖೆ ಆಗ್ತದೆ" ಎಂಬುದು "ಇಟ್ ಈಸ್ ಹಾಟ್" ಆಗುತ್ತದೆ.

ಈ ಮೊದಲ ಜಾಗದ ಬಗ್ಗೆ ಇನ್ನೊಂದು ಮಾತು. ಕನ್ನಡದಲ್ಲಿ "ಬಂದೆ" ಎಂದರೆ ಸಾಕು, ಬಂದವನು ನಾನೇ ಎಂದು ಕ್ರಿಯಾಪದವೇ ಹೇಳುತ್ತದೆ. ಇಂಗ್ಲಿಷಿನ "ಕೇಮ್" ಯಾರ ಹೆಸರನ್ನೂ ಹೇಳುವುದಿಲ್ಲ. ಹಾಗಾಗಿ ಪ್ರತಿ ಸಲ "ಐ ಕೇಮ್", "ಶೀ ಕೇಮ್", "ದೇ ಕೇಮ್" ಎನ್ನಲೇಬೇಕು. ಮತ್ತೆ "ನನಗೆ" ಎಂದು ಶುರುವಾಗುವ ನಮ್ಮ ವಾಕ್ಯಗಳಿವೆಯಲ್ಲ, ನನಗೆ ಹಸಿವು, ನನಗೆ ಗೊತ್ತಿಲ್ಲ, ನನಗೆ ಬೇಡ, ತುಳುವಿನ "ಎಂಕ್ ಬಡವಾಪುಂಡು", ಅವುಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿ "ಐ" ಎಂದೇ ಶುರುವಾಗುತ್ತವೆ: "ಐ ಆಮ್ ಹಂಗ್ರಿ. ಐ ಡೋಂಟ್ ನೋ. ಐ ಡೋಂಟ್ ವಾಂಟ್ ಇಟ್."

ಕನ್ನಡದಲ್ಲಿ ಕ್ರಿಯಾಪದವೇ ಇಲ್ಲದ ವಾಕ್ಯಗಳೂ ಇವೆ. "ಇದು ನನ್ನ ಮನೆ." "ಅವರು ನಮ್ಮ ಮಾವ." ಇಲ್ಲಿ ಇಂಗ್ಲಿಷಿಗೆ "ಈಸ್" ಬೇಕೇ ಬೇಕು: "ದಿಸ್ ಈಸ್ ಮೈ ಹೌಸ್. ಹೀ ಈಸ್ ಮೈ ಅಂಕಲ್." ಐ ಜೊತೆಗೆ ಆಮ್, ಒಬ್ಬರಿಗೆ ಈಸ್, ಹಲವರಿಗೆ ಮತ್ತು ಯು ಎಂಬುದಕ್ಕೆ ಆರ್.

ಹನ್ನೆರಡು ಟೆನ್ಸ್ ಬೇಡ, ನಾಲ್ಕು ಸಾಕು

ಸ್ಪೋಕನ್ ಇಂಗ್ಲಿಷ್ ಪುಸ್ತಕ ತೆರೆದರೆ ಮೊದಲು ಕಾಣುವುದು ಹನ್ನೆರಡು ಕಾಲಗಳ ಕೋಷ್ಟಕ. ಎಷ್ಟೋ ಮಂದಿ ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ದಿನದ ಮಾತಿಗೆ ನಾಲ್ಕು ಸಾಕು.

ನಮ್ಮ "ಬರುತ್ತೇನೆ" ಎರಡು ಅರ್ಥ ಕೊಡುತ್ತದೆ. "ದಿನಾ ಬರುತ್ತೇನೆ" ಎಂದರೆ ಅಭ್ಯಾಸ: "ಐ ಕಮ್ ಎವ್ರಿ ಡೇ." "ನಾಳೆ ಬರುತ್ತೇನೆ" ಎಂದರೆ ಮುಂದಿನದು: "ಐ ವಿಲ್ ಕಮ್ ಟುಮಾರೋ." "ಬರ್ತಾ ಇದ್ದೇನೆ" ಎಂಬುದು "ಐ ಆಮ್ ಕಮಿಂಗ್." "ನಿನ್ನೆ ಬಂದೆ" ಎಂಬುದು "ಐ ಕೇಮ್ ಯೆಸ್ಟರ್‌ಡೇ." "ಐ ಆಮ್ ಗೋ" ಎಂಬ ತಪ್ಪು ಮೊದಲನೆಯದೂ ಮೂರನೆಯದೂ ಬೆರಕೆಯಾಗಿ ಬರುವಂಥದ್ದು. "ಆಮ್" ಹೇಳಿದರೆ "ಗೋಯಿಂಗ್" ಬರಬೇಕು. "ಗೋ" ಸಾಕಿದ್ದರೆ "ಆಮ್" ಬೇಡ.

ನಡೆದುಹೋದದ್ದನ್ನು ಹೇಳಲು ಹತ್ತು ರೂಪಗಳನ್ನು ಬಾಯಿಪಾಠ ಮಾಡಿ, ಇದಕ್ಕೆ ಬೇರೆ ದಾರಿಯಿಲ್ಲ: ಗೋ-ವೆಂಟ್, ಕಮ್-ಕೇಮ್, ಗಿವ್-ಗೇವ್, ಟೇಕ್-ಟುಕ್, ಬೈ-ಬಾಟ್, ಈಟ್-ಏಟ್, ಸೀ-ಸಾ, ಸೇ-ಸೆಡ್, ಗೆಟ್-ಗಾಟ್, ಡು-ಡಿಡ್. ಇವು ಬಂದರೆ ನಿನ್ನೆಯ ದಿನದ ಹೆಚ್ಚಿನ ಸಂಗತಿ ಹೇಳಬಹುದು.

ಅವನು, ಅವಳು, ಅದು ಎಂದಾಗ ಅಭ್ಯಾಸದ ಕ್ರಿಯೆಗೆ "ಸ್" ಸೇರಿಸಬೇಕು: "ಹೀ ವರ್ಕ್ಸ್", "ಶೀ ಕಮ್ಸ್." ನಮಗೆ ಇದು ತಪ್ಪಿಹೋಗಲು ಒಂದು ಒಳ್ಳೆಯ ಕಾರಣವಿದೆ. ನಾವು ಹಿರಿಯರನ್ನು "ಅವರು" ಎನ್ನುತ್ತೇವೆ, ತುಳುವಿನಲ್ಲಿ "ಆರ್". ಮರ್ಯಾದೆ ಕೊಟ್ಟಾಗ ಒಬ್ಬರಿಗೂ ಬಹುವಚನದ ಕ್ರಿಯಾಪದ ಬರುತ್ತದೆ: ಅಪ್ಪ ಕೆಲಸ ಮಾಡುತ್ತಾರೆ. ಅದೇ ನೆನಪಿನಲ್ಲಿ "ಮೈ ಫಾದರ್ ವರ್ಕ್" ಎಂದೋ "ದೇ ವರ್ಕ್" ಎಂದೋ ಬಾಯಿಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅಪ್ಪ ಎಷ್ಟೇ ದೊಡ್ಡವರಾದರೂ ಒಬ್ಬರೇ: "ಮೈ ಫಾದರ್ ವರ್ಕ್ಸ್ ಇನ್ ಎ ರೈಸ್ ಮಿಲ್." ಹಾಗೆಂದು ಅಲ್ಲಿ ಅಗೌರವವೇನೂ ಇಲ್ಲ.

ಮರ್ಯಾದೆ ಅಲ್ಲಿ ಬೇರೆ ಕಡೆ ಕೂತಿದೆ. "ಸ್ವಲ್ಪ ನೀರು ಕೊಡಿ" ಎಂಬ ಮಾತಿನ ವಿನಯವೆಲ್ಲ "ಕೊಡಿ" ಎಂಬುದರ "ಇ"ಯಲ್ಲಿದೆ. ಅದನ್ನು "ಗಿವ್ ಸಮ್ ವಾಟರ್" ಎಂದರೆ ಆ "ಇ" ಬಿದ್ದುಹೋಗಿ ಅಪ್ಪಣೆಯಂತೆ ಕೇಳುತ್ತದೆ. "ಕುಡ್ ಯು ಗಿವ್ ಮಿ ಸಮ್ ವಾಟರ್, ಪ್ಲೀಸ್?" ಎನ್ನಿ. ಹೋಟೆಲಿನಲ್ಲಿ, ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಈ "ಕುಡ್ ಯು" ಬಹಳ ಮುಖ್ಯ. ನಮ್ಮ ಮಂದಿ ಮಾತಿನಲ್ಲಿ ಒರಟರಲ್ಲ. ಅನುವಾದದಲ್ಲಿ ಒರಟಾಗಿ ಕೇಳಿಸಿ ಕೆಲಸದ ಜಾಗದಲ್ಲಿ ಮಾತು ಕೇಳಿಸಿಕೊಳ್ಳುವುದನ್ನು ಕಂಡಾಗ ಸಂಕಟವಾಗುತ್ತದೆ. ಹೊರಡುವಾಗ ನಾವು "ಬರ್ತೇನೆ" ಎನ್ನುತ್ತೇವೆ, ಅದನ್ನೂ "ಐ ವಿಲ್ ಕಮ್" ಎಂದು ತಿರುಗಿಸಬೇಡಿ. "ಸೀ ಯು" ಸಾಕು.

ಕೇಳುವುದು ಹೇಗೆ

ಕನ್ನಡದಲ್ಲಿ ಪ್ರಶ್ನೆ ಮಾಡಲು ಕೊನೆಗೆ ಒಂದು ದೀರ್ಘ ಎಳೆದರೆ ಮುಗಿಯಿತು: ಬರ್ತೀರಾ, ಉಂಟಾ, ಹೋಯ್ತಾ. ಇಂಗ್ಲಿಷಿನಲ್ಲಿ ಆ ಕೆಲಸ ವಾಕ್ಯದ ತಲೆಯಲ್ಲಿ ಆಗಬೇಕು. ವಾಕ್ಯದಲ್ಲಿ ಆಗಲೇ ಈಸ್, ಆರ್, ವಿಲ್, ಕ್ಯಾನ್ ಇದ್ದರೆ ಅದನ್ನೇ ಎತ್ತಿ ಮುಂದಿಡಿ: "ಯು ಆರ್ ಕಮಿಂಗ್" ಎಂಬುದು "ಆರ್ ಯು ಕಮಿಂಗ್?" ಆಗುತ್ತದೆ. ಅಂಥದ್ದು ಇಲ್ಲದಿದ್ದರೆ ಡು, ಡಸ್, ಡಿಡ್ ಮೂರರಲ್ಲಿ ಒಂದನ್ನು ತನ್ನಿ.

"ಚಿಲ್ಲರೆ ಉಂಟಾ?" – "ಡು ಯು ಹ್ಯಾವ್ ಚೇಂಜ್?"
"ಈ ಬಸ್ ವೇಣೂರಿಗೆ ಹೋಗ್ತದಾ?" – "ಡಸ್ ದಿಸ್ ಬಸ್ ಗೋ ಟು ವೇಣೂರು?"
"ಮೂಡುಬಿದಿರೆ ಬಸ್ ಹೋಯ್ತಾ?" – "ಡಿಡ್ ದ ಮೂಡುಬಿದಿರೆ ಬಸ್ ಗೋ?"

ಕೊನೆಯದನ್ನು ಗಮನಿಸಿ. ಕಾಲದ ಭಾರವನ್ನು "ಡಿಡ್" ಹೊತ್ತಾಯಿತು, ಹಾಗಾಗಿ "ವೆಂಟ್" ಮತ್ತೆ "ಗೋ" ಆಯಿತು. "ಡಸ್" ಬಂದಾಗಲೂ ಹಾಗೆ, "ಗೋಸ್" ಎಂಬುದರ ಬಾಲ ಬಿದ್ದುಹೋಗುತ್ತದೆ. ಇಲ್ಲ ಎನ್ನುವಾಗಲೂ ಇದೇ ನಿಯಮ: "ಹೀ ಡಿಡಂಟ್ ಕಮ್", "ಇಟ್ ಡಸಂಟ್ ಗೋ."

ಇನ್, ಆನ್, ಅಟ್ ಎಂಬ ಮೂರಕ್ಕೂ ನಮ್ಮಲ್ಲಿ ಹೆಚ್ಚಾಗಿ "ಅಲ್ಲಿ" ಒಂದೇ. ಸ್ಥೂಲವಾಗಿ ಹೀಗೆ ನೆನಪಿಡಿ: ಊರು, ಜಿಲ್ಲೆ, ತಿಂಗಳು, ವರ್ಷ ಇವುಗಳ ಒಳಗೆ ಎಂದರೆ ಇನ್, ವಾರ, ತಾರೀಕು ಮತ್ತು ಯಾವುದರದ್ದಾದರೂ ಮೇಲೆ ಎಂದರೆ ಆನ್, ಗಂಟೆ ಮತ್ತು ನಿರ್ದಿಷ್ಟ ನಿಲ್ಲುವ ಜಾಗಕ್ಕೆ ಅಟ್. "ಐ ಲಿವ್ ಇನ್ ಬಂಟ್ವಾಳ. ಮೀಟ್ ಮಿ ಅಟ್ ದ ಬಸ್ ಸ್ಟ್ಯಾಂಡ್ ಆನ್ ಮಂಡೇ ಅಟ್ ಫೈವ್." ಎ ಮತ್ತು ದ ವಿಷಯದಲ್ಲಿ ಕನ್ನಡವೇ ದಾರಿ ತೋರಿಸುತ್ತದೆ. "ಒಂದು ಸ್ಕೂಟರ್ ತಗೊಂಡೆ. ಆ ಸ್ಕೂಟರ್ ರಿಪೇರಿಗೆ ಬಂತು." ಮೊದಲ ಸಲ ಹೇಳುವಾಗ ಬರುವ "ಒಂದು" ಎಂಬಲ್ಲಿ ಎ, ಎರಡನೇ ಸಲದ "ಆ" ಎಂಬಲ್ಲಿ ದ. ಇದರಲ್ಲಿ ತಪ್ಪಿದರೂ ಎದುರಿನವರಿಗೆ ಅರ್ಥವಾಗುತ್ತದೆ, ಅದಕ್ಕಾಗಿ ಮಾತು ನಿಲ್ಲಿಸಬೇಡಿ.

ಬಸದಿಯ ಮುಂದೆ ನಿಂತು

ಕಲಿತದ್ದನ್ನು ಊರಿನದ್ದರ ಮೇಲೆಯೇ ಪ್ರಯೋಗಿಸಿ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ಹೊರಗಿನವರೊಬ್ಬರಿಗೆ ತೋರಿಸುತ್ತಿದ್ದೀರಿ ಎಂದುಕೊಳ್ಳಿ.

"ದಿಸ್ ಈಸ್ ಎ ಜೈನ್ ಟೆಂಪಲ್. ಇಟ್ ವಾಸ್ ಬಿಲ್ಟ್ ಇನ್ 1430. ದೇರ್ ಆರ್ ಮೆನಿ ಪಿಲ್ಲರ್ಸ್ ಇನ್‌ಸೈಡ್. ಪೀಪಲ್ ಕಾಲ್ ಇಟ್ ದ ಥೌಸಂಡ್ ಪಿಲ್ಲರ್ ಟೆಂಪಲ್. ಪ್ಲೀಸ್ ಲೀವ್ ಯುವರ್ ಚಪ್ಪಲ್ಸ್ ಹಿಯರ್."

ಐದೇ ವಾಕ್ಯ. ಮೊದಲನೆಯದರಲ್ಲಿ "ಈಸ್". ಎರಡನೆಯದರಲ್ಲಿ ಕಟ್ಟಿದವರು ಯಾರೆಂದು ಹೇಳದೆ "ಕಟ್ಟಲಾಯಿತು" ಎಂಬ ರೀತಿ: ವಾಸ್ ಬಿಲ್ಟ್. ಹಳೆಯ ಕಟ್ಟಡ, ಕೋಟೆ, ವಿಗ್ರಹಗಳ ಬಗ್ಗೆ ಹೇಳುವಾಗ ಇದು ಪ್ರತಿ ಸಲ ಬೇಕಾಗುತ್ತದೆ, ಇಡಿಯಾಗಿ ಕಲಿತುಬಿಡಿ. ಮೂರನೆಯದು "ಉಂಟು" ಎಂಬುದರ ಒಂದು ದಾರಿ. ನಾಲ್ಕನೆಯದು ಅಭ್ಯಾಸ. ಐದನೆಯದು ವಿನಯದ ವಿನಂತಿ.

ಹೋಲಿಕೆ ಹೇಳಲು ನಮ್ಮ ಸುತ್ತಲಿನ ಗೊಮ್ಮಟ ಮೂರ್ತಿಗಳೇ ಸಾಕು. ವೇಣೂರಿನದು 1604ರದ್ದು, 35 ಅಡಿ. ಧರ್ಮಸ್ಥಳದ್ದು 39 ಅಡಿ. ಪಕ್ಕದ ಕಾರ್ಕಳದ್ದು 42 ಅಡಿ. "ವೇಣೂರಿನದ್ದಕ್ಕಿಂತ ಧರ್ಮಸ್ಥಳದ್ದು ಎತ್ತರ" ಎನ್ನುವಾಗ ನಾವು "ಎತ್ತರ" ಎಂಬುದನ್ನು ಮುಟ್ಟುವುದಿಲ್ಲ, "ಗಿಂತ" ಒಂದೇ ಕೆಲಸ ಮಾಡುತ್ತದೆ. ಇಂಗ್ಲಿಷಿನಲ್ಲಿ ಎರಡೂ ಬದಲಾಗಬೇಕು: "ದ ಧರ್ಮಸ್ಥಳ ಸ್ಟ್ಯಾಚ್ಯೂ ಈಸ್ ಟಾಲರ್ ದ್ಯಾನ್ ದ ವೇಣೂರು ಸ್ಟ್ಯಾಚ್ಯೂ." ಮೂರರಲ್ಲಿ ಹೆಚ್ಚಿನದ್ದು: "ದ ಕಾರ್ಕಳ ಸ್ಟ್ಯಾಚ್ಯೂ ಈಸ್ ದ ಟಾಲೆಸ್ಟ್ ಆಫ್ ದ ತ್ರೀ." ಕಲ್ಲಡ್ಕದ ಕೆ.ಟಿ. ಎಂಬ ಚಹಾವನ್ನು ಗೆಳೆಯರಿಗೆ ವಿವರಿಸಲು ಪ್ರಯತ್ನಿಸಿ: "ದ ಮಿಲ್ಕ್ ಈಸ್ ಅಟ್ ದ ಬಾಟಮ್. ದ ಟೀ ಈಸ್ ಆನ್ ಟಾಪ್."

ರಜೆ ಅರ್ಜಿ, ಇಂಟರ್‌ವ್ಯೂ, ಸಿಕ್ಕಿಬಿದ್ದಾಗ

"ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್" ಎಂಬ ಸಾಲು ಶಾಲೆ ಬಿಟ್ಟು ಎಷ್ಟೋ ವರ್ಷವಾದವರಿಗೂ ಬಾಯಿಪಾಠವಿದೆ. ಆದರೆ ಜ್ವರದ ಬದಲು ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದ್ದರೆ ಅದನ್ನು ಬದಲಾಯಿಸಲು ಬರುವುದಿಲ್ಲ. ಬಾಯಿಪಾಠದ ತೊಂದರೆ ಅದು. ಸಣ್ಣ ವಾಕ್ಯಗಳಲ್ಲಿ ಬರೆಯಿರಿ: "ಮೈ ಗ್ರ್ಯಾಂಡ್‌ಮದರ್ ಈಸ್ ಇನ್ ದ ಹಾಸ್ಪಿಟಲ್. ಐ ಕೆನಾಟ್ ಕಮ್ ಟುಡೇ. ಐ ವಿಲ್ ಕಮ್ ಆನ್ ಮಂಡೇ. ಪ್ಲೀಸ್ ಗಿವ್ ಮಿ ಟೂ ಡೇಸ್ ಲೀವ್." ಇಷ್ಟರಲ್ಲಿ ಕೊರತೆ ಏನೂ ಇಲ್ಲ.

ಇಂಟರ್‌ವ್ಯೂನಲ್ಲಿ "ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್" ಎಂಬ ಪ್ರಶ್ನೆ ತಪ್ಪುವುದು ಕಡಿಮೆ. ಉತ್ತರವನ್ನು ನಿಮ್ಮದೇ ವಿವರಗಳಿಂದ ಸಿದ್ಧ ಮಾಡಿಕೊಳ್ಳಿ. "ಐ ಆಮ್ ಫ್ರಮ್ ವೇಣೂರು, ಇನ್ ಬೆಳ್ತಂಗಡಿ ತಾಲೂಕ್. ಐ ಸ್ಟಡೀಡ್ ಇನ್ ಎ ಕನ್ನಡ ಮೀಡಿಯಂ ಸ್ಕೂಲ್. ಐ ಹ್ಯಾವ್ ಬೀನ್ ವರ್ಕಿಂಗ್ ಇನ್ ಎ ಹೋಟೆಲ್ ಫಾರ್ ತ್ರೀ ಇಯರ್ಸ್. ಐ ಸ್ಪೀಕ್ ತುಳು, ಕನ್ನಡ ಅಂಡ್ ಹಿಂದಿ. ಐ ಆಮ್ ಲರ್ನಿಂಗ್ ಇಂಗ್ಲಿಷ್." ಇಲ್ಲಿ ಒಂದು ಹೊಸ ರೂಪ ಇದೆ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವ ಕೆಲಸಕ್ಕೆ "ಹ್ಯಾವ್ ಬೀನ್ ವರ್ಕಿಂಗ್". ಎಷ್ಟು ಕಾಲ ಎಂಬುದಕ್ಕೆ "ಫಾರ್ ತ್ರೀ ಇಯರ್ಸ್", ಎಂದಿನಿಂದ ಎಂಬುದಕ್ಕೆ "ಸಿನ್ಸ್ 2021". "ಸಿನ್ಸ್ ತ್ರೀ ಇಯರ್ಸ್" ಎನ್ನಬೇಡಿ. ಕನ್ನಡ ಮಾಧ್ಯಮ ಎಂಬುದನ್ನು ಮುಚ್ಚಿಡಬೇಡಿ. ಮೂರು ಭಾಷೆ ಬಲ್ಲವರನ್ನು ಹೋಟೆಲಿನವರೂ ಆಸ್ಪತ್ರೆಯವರೂ ಹುಡುಕುತ್ತಾರೆ.

ಅಭ್ಯಾಸಕ್ಕೆ ದುಡ್ಡು ಬೇಕಿಲ್ಲ. ರಾತ್ರಿ ಮಲಗುವ ಮೊದಲು ಆ ದಿನದ ಬಗ್ಗೆ ಮೂರು ವಾಕ್ಯ ಬರೆಯಿರಿ: ಒಂದು ಆದದ್ದು, ಒಂದು ಈಗ ಇರುವುದು, ಒಂದು ನಾಳೆಯದು. ಮಕ್ಕಳ ಇಂಗ್ಲಿಷ್ ಪಠ್ಯಪುಸ್ತಕವನ್ನು ಅವರ ಜೊತೆ ಕೂತು ಗಟ್ಟಿಯಾಗಿ ಓದಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ಫೋನಿನ ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಕನ್ನಡ ಮೊದಲೇ ಇತ್ತು, 2024ರಲ್ಲಿ ತುಳುವೂ ಸೇರಿತು. ಅದಕ್ಕೆ ನಿಮ್ಮ ಕನ್ನಡ ವಾಕ್ಯ ಕೊಟ್ಟು ಉತ್ತರ ನಕಲು ಮಾಡಿದರೆ ಏನೂ ಉಳಿಯುವುದಿಲ್ಲ. ನೀವೇ ಇಂಗ್ಲಿಷ್ ವಾಕ್ಯ ಕಟ್ಟಿ ಅದನ್ನು ಕನ್ನಡಕ್ಕೆ ತಿರುಗಿಸಲು ಹೇಳಿ. ನೀವು ಅಂದುಕೊಂಡ ಅರ್ಥವೇ ಬಂದರೆ ವಾಕ್ಯ ಹೆಚ್ಚುಕಡಿಮೆ ಸರಿಯಿದೆ. ಬೇರೆ ಬಂದರೆ ಮೊದಲು ಕ್ರಿಯಾಪದ ಎರಡನೇ ಜಾಗದಲ್ಲಿದೆಯೇ ಎಂದು ನೋಡಿ.

ಮಾತಿನ ನಡುವೆ ಸಿಕ್ಕಿಬಿದ್ದಾಗ ಬೇಕಾಗುವ ಎರಡು ಮಾತುಗಳನ್ನು ಮಾತ್ರ ಇವತ್ತೇ ಬಾಯಿಗೆ ತಂದುಕೊಳ್ಳಿ. ಅರ್ಥವಾಗದಿದ್ದರೆ: "ಸಾರಿ, ಐ ಡಿಡಂಟ್ ಅಂಡರ್‌ಸ್ಟ್ಯಾಂಡ್. ಕುಡ್ ಯು ಸೇ ದಟ್ ಅಗೇನ್, ಸ್ಲೋಲಿ?" ಪದ ಸಿಗದಿದ್ದರೆ: "ಐ ಡೋಂಟ್ ನೋ ದ ವರ್ಡ್. ಐ ವಿಲ್ ಶೋ ಯು." ಎದುರಿನವರು ಕಾಯುತ್ತಾರೆ, ನೀವು ಆ ವಸ್ತುವನ್ನು ತೋರಿಸಿ, ಅದರ ಹೆಸರನ್ನು ಅವರಿಂದಲೇ ಕೇಳಿ ಬರೆದುಕೊಳ್ಳಬಹುದು: "ವಾಟ್ ಡು ಯು ಕಾಲ್ ದಿಸ್ ಇನ್ ಇಂಗ್ಲಿಷ್?"